ಹೊಸ ತಲೆಮಾರಿನ ನಡೆ ಮತ್ತು ನಂಬಿಕೆ: ಕಲ್ಕತ್ತೆಯ ಹಿಂದೂ ಕಾಲೇಜಿನ ಒಂದು ನಿದರ್ಶನ

೧

ಕಿರಿಯರ ನಡವಳಿಕೆಯನ್ನು ಕುರಿತು ಹಿರಿಯರು ಆಡುವ ದೂರು ಎಲ್ಲ ಕಾಲಗಳಲ್ಲಿಯೂ ಕೇಳಿಬರುವಂತಹುದು. ಹಾಗೆ ಎಲ್ಲ ಕಾಲಗಳಲ್ಲಿಯೂ ಕೇಳಿಬರುತ್ತದೆಂಬ ಕಾರಣದಿಂದಲೇ ಅದನ್ನು ಸುಳ್ಳೆಂದಾಗಲಿ ಅಲ್ಪವೆಂದಾಗಲಿ ತಳ್ಳಿಹಾಕುವುದು ಇತಿಹಾಸಕಾರನಿಗೆ ಉಚಿತವಲ್ಲ. ದೂರು ಕೂಡ ಒಂದು ಆಕರವೇ ಸರಿ. ಶಾಸನವನ್ನೋ ಬಖೈರನ್ನೋ ಓದುವಾಗ ಯಾರು ಬರೆಸಿದರು, ಯಾವ ಸಂದರ್ಭದಲ್ಲಿ ಬರೆಸಿದರು, ಯಾರಿಗೆ ಕೇಳಿಸಲೆಂದು ಬರೆಸಿದರು ಎಂದು ನಾವು ವಿಚಾರಿಸುತ್ತೇವೆ. ಆದರೆ ನಮ್ಮ ಎದುರಿಗೇ ಕುಳಿತಿರುವ ವಿದ್ಯಾರ್ಥಿಗಳನ್ನು ಕುರಿತು ತೀರ್ಪು ಕೊಡುವಾಗ ಇಷ್ಟು ವಿಚಾರಣೆಯನ್ನು ನಡೆಸುವವರು ವಿರಳ.

ಕಾಲೇಜುಗಳ ಅಧ್ಯಾಪಕರ ಕೊಠಡಿಯಲ್ಲಿ ಇಂದು ಕೇಳಿಬರುವ ಮಾತುಗಳು ಓದುಗರಿಗೆ ಅಪರಿಚಿತವಾಗಿರಲಾರವು. ಹುಡುಗರು ಪಾಠದ ನಡುವೆ ಮೊಬೈಲ್ ಫೋನಿನ ಮೇಲೆ ಕಣ್ಣಿಟ್ಟಿರುತ್ತಾರೆ, ಗ್ರಂಥಭಂಡಾರದ ಕಡೆಗೆ ಸುಳಿಯುವುದಿಲ್ಲ, ಹಿರಿಯರೆಂಬ ಅಳುಕಿಲ್ಲ, ಇವರಿಗೆ ಯಾವುದರಲ್ಲಿಯೂ ನಿಷ್ಠೆಯಿಲ್ಲ. ಈ ಮಾತುಗಳಲ್ಲಿ ನಾವೂ ಪಾಲುಗೊಂಡವರೇ. ಇನ್ನೂ ನಡುವಯಸ್ಸನ್ನು ಮುಟ್ಟದ ನಾವು, ನಮ್ಮ ಅಧ್ಯಾಪಕರು ನಮ್ಮನ್ನು ಕುರಿತು ಇಂತಹವೇ ಮಾತುಗಳನ್ನು ಆಡಿದ್ದುದನ್ನು ಇಷ್ಟು ಬೇಗ ಮರೆತದ್ದು ಹೇಗೆಂಬ ಪ್ರಶ್ನೆಯೇ ಈ ಪ್ರಬಂಧಕ್ಕೆ ಪ್ರೇರಣೆ. ಮೇಲಿನ ನಾಲ್ಕು ದೂರುಗಳಲ್ಲಿ ಮೊದಲ ಮೂರು ನಡೆಯನ್ನು ಕುರಿತವು, ಕಣ್ಣಿಗೆ ಕಾಣುವಂತಹವು. ಕೊನೆಯದು ನಂಬಿಕೆಯನ್ನು ಕುರಿತದ್ದು, ಕಣ್ಣಿಗೆ ಕಾಣದಂತಹುದು. ಕಂಡ ಮೂರರಿಂದ ಕಾಣದ ಒಂದಕ್ಕೆ ಹಾರುವ ಈ ತರ್ಕವು ಎಷ್ಟು ದೃಢವಾದುದು ಎಂಬುದನ್ನು ಒಂದು ಚಾರಿತ್ರಿಕ ನಿದರ್ಶನದ ಮೂಲಕ ಪರಿಶೀಲಿಸುವುದೇ ನಮ್ಮ ಉದ್ದೇಶ.

ನಿದರ್ಶನಕ್ಕಾಗಿ ನಾವು ಆರಿಸಿಕೊಂಡಿರುವುದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಓದಿದ ತರುಣರ ಒಂದು ಗುಂಪನ್ನು. ಮುಂದಿನವರು ಇವರನ್ನು ‘ನವ್ಯ ಬಂಗಾಳ’ದವರೆಂದು ಕರೆದರು. ಈ ಆಯ್ಕೆಗೆ ಎರಡು ಕಾರಣಗಳಿವೆ. ಇವರನ್ನು ಕುರಿತು ಹಿರಿಯರು, ಪಾದ್ರಿಗಳು ಮತ್ತು ಸ್ವತಃ ಇವರೇ ಬಿಟ್ಟುಹೋದ ಬರಹಗಳು ಹೇರಳವಾಗಿ ಉಳಿದಿರುವುದು ಮೊದಲನೆಯದು. ಇವರಲ್ಲಿ ಹಲವರು ದೀರ್ಘಕಾಲ ಬದುಕಿ, ತಾವೇ ಹಿರಿಯರಾಗಿ, ತಮ್ಮ ಮುಂದಿನವರ ಮೇಲೆ ತೀರ್ಪು ಹೇಳುವ ಸ್ಥಾನಕ್ಕೆ ಬಂದದ್ದು ಎರಡನೆಯದು.

೨

ಹಿಂದೂ ಕಾಲೇಜು ಸರ್ಕಾರದ ಆಜ್ಞೆಯಿಂದ ಹುಟ್ಟಿದ ಸಂಸ್ಥೆಯಲ್ಲ. ಕಲ್ಕತ್ತೆಯ ಹಿಂದೂ ಗೃಹಸ್ಥರು ಒಂದು ಲಕ್ಷ ರೂಪಾಯಿಗೂ ಮಿಕ್ಕ ಹಣವನ್ನು ತಮ್ಮೊಳಗೆ ಕೂಡಿಸಿ, ೧೮೧೭ರ ಜನವರಿ ೨೦ರಂದು ಸುಮಾರು ಇಪ್ಪತ್ತು ಮಂದಿ ಹುಡುಗರೊಡನೆ ಅದನ್ನು ತೆರೆದರು. ಗಡಿಯಾರದ ವ್ಯಾಪಾರಿಯಾಗಿದ್ದ ಡೇವಿಡ್ ಹೇರ್ ಎಂಬ ಸ್ಕಾಟ್ಲೆಂಡಿನ ಸಜ್ಜನರು ಅವರಿಗೆ ನೆರವಾಗಿ ನಿಂತರು. ಆಡಳಿತ ಮಂಡಲಿಯಲ್ಲಿ ಪ್ರಮುಖರಾಗಿದ್ದ ರಾಧಾಕಾಂತ ದೇವರನ್ನೂ ರಾಮಕಮಲ ಸೇನರನ್ನೂ ಕೇವಲ ಜಡ ಸಂಪ್ರದಾಯವಾದಿಗಳೆಂದು ಚಿತ್ರಿಸುವ ವಾಡಿಕೆಯುಂಟು. ಅದು ಸರಿಯಲ್ಲ. ರಾಧಾಕಾಂತ ದೇವರು ‘ಶಬ್ದಕಲ್ಪದ್ರುಮ’ವೆಂಬ ಮಹಾಕೋಶವನ್ನು ರಚಿಸಿದವರು, ಶಾಲಾ ಪುಸ್ತಕಗಳ ಪ್ರಕಟಣೆಗೂ ಹೆಣ್ಣುಮಕ್ಕಳ ಅಕ್ಷರಾಭ್ಯಾಸಕ್ಕೂ ಬೆಂಬಲ ಕೊಟ್ಟವರು. ಅದೇ ವ್ಯಕ್ತಿ ೧೮೩೦ರಲ್ಲಿ ಸತೀ ನಿಷೇಧವನ್ನು ವಿರೋಧಿಸಿ ಸ್ಥಾಪಿತವಾದ ಧರ್ಮಸಭೆಯ ಅಗ್ರಗಣ್ಯರೂ ಆಗಿದ್ದರು. ರಾಮಕಮಲ ಸೇನರು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸದಿಂದ ಜೀವನವನ್ನು ಆರಂಭಿಸಿ, ಇಂಗ್ಲಿಷ್-ಬಂಗಾಳಿ ನಿಘಂಟನ್ನು ರಚಿಸುವ ಮಟ್ಟಕ್ಕೆ ಏರಿದವರು. ಇವರು ತಮ್ಮ ತಂದೆಯಂದಿರ ಕಣ್ಣಿಗೆ ಹೊಸಬರಾಗಿಯೇ ಕಂಡಿರಬೇಕು.

ಈ ಹಿರಿಯರಿಗೆ ಬೇಕಾಗಿದ್ದುದು ಇಂಗ್ಲಿಷ್ ಭಾಷೆ. ಕಂಪೆನಿಯ ಕಚೇರಿ, ನ್ಯಾಯಾಲಯ, ವ್ಯಾಪಾರದ ಕೋಠಿ ಎಲ್ಲೆಲ್ಲಿಯೂ ಆ ಭಾಷೆಗೆ ಬೆಲೆಯಿತ್ತು. ಮಗನು ಹಗಲು ಕಾಲೇಜಿನಲ್ಲಿ ಇಂಗ್ಲಿಷನ್ನು ಕಲಿತು, ಸಂಜೆ ಮನೆಗೆ ಬಂದು ಸಂಧ್ಯಾವಂದನೆಗೆ ಕುಳಿತುಕೊಳ್ಳಬೇಕೆಂಬುದು ಅವರ ನಿರೀಕ್ಷೆ. ಭಾಷೆಯನ್ನು ಪಾತ್ರೆಯೆಂದೂ, ಅದರೊಳಗಿನ ಪದಾರ್ಥವನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದೆಂದೂ ಅವರು ತಿಳಿದಿದ್ದರು. ಹುಡುಗರಾದರೋ ಪಾತ್ರೆಯೊಡನೆ ಪದಾರ್ಥವನ್ನೂ ಕುಡಿದರು. ಮುಂದೆ ನಡೆದ ಕಲಹಕ್ಕೆ ಬೀಜವಿದ್ದುದು ಇಲ್ಲಿಯೇ. ಯಾವ ತಲೆಮಾರೂ ಆಕಾಶದಿಂದ ಉದುರುವುದಿಲ್ಲ. ಅದನ್ನು ದೂರುವವರು ಕಟ್ಟಿಸಿದ ಶಾಲೆಯಿಂದಲೇ ಅದು ಹೊರಬರುತ್ತದೆ.

೩

೧೮೨೬ರಲ್ಲಿ ಹೆನ್ರಿ ಲೂಯಿ ವಿವಿಯನ್ ಡೆರೋಜಿಯೊ ಎಂಬ ಯುವಕರು ಈ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಆಗ ಅವರಿಗೆ ಹದಿನೇಳು ವರ್ಷ. ಮಿಶ್ರ ಸಂತತಿಯ ಮನೆತನದಲ್ಲಿ ಕಲ್ಕತ್ತೆಯಲ್ಲಿಯೇ ಹುಟ್ಟಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದವರು. ಅವರ ಶಿಷ್ಯರಿಗೂ ಅವರಿಗೂ ವಯಸ್ಸಿನಲ್ಲಿ ಹೆಚ್ಚಿನ ಅಂತರವಿರಲಿಲ್ಲ. ತರಗತಿಯ ಹೊರಗೆ, ೧೮೨೮ರ ಸುಮಾರಿಗೆ, ‘ಅಕಾಡೆಮಿಕ್ ಅಸೋಸಿಯೇಷನ್’ ಎಂಬ ಚರ್ಚಾಕೂಟವು ಅವರ ಅಧ್ಯಕ್ಷತೆಯಲ್ಲಿ ಸೇರತೊಡಗಿತು. ವಿಧಿ ಮತ್ತು ಪ್ರಯತ್ನ, ಮೂರ್ತಿಪೂಜೆ, ಪುರೋಹಿತರ ಅಧಿಕಾರ, ದೇಶಾಭಿಮಾನ ಮೊದಲಾದ ವಿಷಯಗಳು ಅಲ್ಲಿ ವಾದಕ್ಕೆ ಬರುತ್ತಿದ್ದವು. ದೇವರ ಅಸ್ತಿತ್ವವನ್ನು ಕುರಿತು ಹ್ಯೂಮನ ಸಂದೇಹಗಳನ್ನು ಓದಿಸಿದಂತೆಯೇ, ಅವಕ್ಕೆ ರೀಡ್ ಮತ್ತು ಡ್ಯೂಗಾಲ್ಡ್ ಸ್ಟೂಅರ್ಟರು ಕೊಟ್ಟ ಉತ್ತರಗಳನ್ನೂ ಓದಿಸಿದುದಾಗಿ ಡೆರೋಜಿಯೊ ಮುಂದೆ ತಮ್ಮ ಸಮರ್ಥನೆಯಲ್ಲಿ ತಿಳಿಸಿದ್ದಾರೆ.

ಪಟ್ಟಣದಲ್ಲಿ ಹರಡಿದ ಸುದ್ದಿಯಾದರೋ ಬೇರೆ ಬಗೆಯದು. ಕಾಲೇಜಿನ ಹುಡುಗರು ನಿಷಿದ್ಧ ಮಾಂಸವನ್ನು ತಿನ್ನುತ್ತಾರೆ, ಮದ್ಯವನ್ನು ಕುಡಿಯುತ್ತಾರೆ, ಜನಿವಾರವನ್ನು ಹೀಯಾಳಿಸುತ್ತಾರೆ. ಜಪಕ್ಕೆ ಕುಳಿತ ಹುಡುಗನು ಮಂತ್ರದ ಬದಲು ಹೋಮರನ ಪಂಕ್ತಿಗಳನ್ನು ಹೇಳಿದನು. ಕಾಳೀಮಂದಿರದಲ್ಲಿ ಸಾಷ್ಟಾಂಗ ನಮಸ್ಕಾರಕ್ಕೆ ಬದಲಾಗಿ ಒಬ್ಬನು ದೊರೆಸಾನಿಗೆ ಹೇಳುವಂತೆ ದೇವಿಗೆ ಇಂಗ್ಲಿಷಿನಲ್ಲಿ ಪ್ರಾತಃಕಾಲದ ಶುಭವನ್ನು ಕೋರಿದನು. ಇಂತಹ ಕಥೆಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣುತ್ತವೆ. ಇವುಗಳ ಮೂಲವನ್ನು ವಿಚಾರಿಸಿದರೆ ಎರಡು ದಿಕ್ಕುಗಳು ಮುಖ್ಯವಾಗಿ ತೋರುತ್ತವೆ. ಒಂದು, ಭವಾನೀಚರಣ ಬಂದ್ಯೋಪಾಧ್ಯಾಯರ ‘ಸಮಾಚಾರ ಚಂದ್ರಿಕಾ’ ಪತ್ರಿಕೆ ಮತ್ತು ಧರ್ಮಸಭೆಯ ವಲಯ. ಮತ್ತೊಂದು, ೧೮೩೦ರಲ್ಲಿ ಕಲ್ಕತ್ತೆಗೆ ಬಂದ ಅಲೆಕ್ಸಾಂಡರ್ ಡಫ್ ಮೊದಲಾದ ಪಾದ್ರಿಗಳ ಬರಹ. ಮೊದಲನೆಯವರಿಗೆ ಇಂಗ್ಲಿಷ್ ವಿದ್ಯೆಯು ಧರ್ಮವನ್ನು ಕೆಡಿಸುತ್ತದೆಂದು ತೋರಿಸಬೇಕಾಗಿತ್ತು. ಎರಡನೆಯವರಿಗೆ ಕ್ರೈಸ್ತಮತವಿಲ್ಲದ ಇಂಗ್ಲಿಷ್ ವಿದ್ಯೆಯು ನಾಸ್ತಿಕತೆಗೆ ಒಯ್ಯುತ್ತದೆಂದು ತೋರಿಸಬೇಕಾಗಿತ್ತು. ಪರಸ್ಪರ ವಿರೋಧಿಗಳಾದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದರೆ ಅದು ನಿಜವಿರಬೇಕೆಂದು ನಾವು ಸಾಮಾನ್ಯವಾಗಿ ಊಹಿಸುತ್ತೇವೆ. ಇಲ್ಲಿ ಅವರಿಬ್ಬರಿಗೂ ಒಂದೇ ಮಾತು ಬೇಕಾಗಿತ್ತೆಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿಯೂ ಗಮನಾರ್ಹ. ಇದೇ ಭವಾನೀಚರಣರು ಬರೆದ ‘ನವಬಾಬು ವಿಲಾಸ’ವೆಂಬ ವಿಡಂಬನೆ ೧೮೨೫ರಲ್ಲಿ ಪ್ರಕಟವಾಯಿತು. ಹೊಸ ಹಣವಂತರ ಮಕ್ಕಳು ಅರೆಬರೆ ವಿದ್ಯೆಯನ್ನು ಕಲಿತು, ಭೋಗದಲ್ಲಿ ಮುಳುಗಿ ಹಾಳಾಗುವುದು ಅದರ ವಸ್ತು. ಡೆರೋಜಿಯೊ ಕಾಲೇಜಿಗೆ ಇನ್ನೂ ಕಾಲಿಟ್ಟಿರಲಿಲ್ಲ. ಎಂದರೆ, ಕೆಟ್ಟ ತರುಣನ ಚಿತ್ರವು ಸಿದ್ಧವಾಗಿಯೇ ಇದ್ದಿತು. ಹಿಂದೂ ಕಾಲೇಜಿನ ಹುಡುಗರು ಬಂದಾಗ ಅವರನ್ನು ಆ ಅಚ್ಚಿನಲ್ಲಿ ಎರಕ ಹೊಯ್ದದ್ದಾಯಿತು. ಅಚ್ಚಿಗೂ ಎರಕಕ್ಕೂ ಇದ್ದ ವ್ಯತ್ಯಾಸವನ್ನು ಅಂದಿನ ಪತ್ರಿಕೆಗಳು ಕಾಣಲಿಲ್ಲ. ನವಬಾಬುವಿನ ಭೋಗಕ್ಕೆ ಯಾವ ವಾದವೂ ಆಧಾರವಾಗಿರಲಿಲ್ಲ. ಇವರ ಭೋಗವಾದರೋ ವಾದದ ಒಂದು ಅಂಗವಾಗಿತ್ತು.

೪

ಹಾಗೆಂದು ದೂರುಗಳೆಲ್ಲ ಕಟ್ಟುಕಥೆಯೆಂದು ಹೇಳುವಂತಿಲ್ಲ. ೧೮೩೧ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಮೋಹನ ಬಂದ್ಯೋಪಾಧ್ಯಾಯರ ಮನೆಯಲ್ಲಿ, ಅವರು ಇಲ್ಲದ ಸಮಯದಲ್ಲಿ, ಅವರ ಮಿತ್ರರು ಗೋಮಾಂಸವನ್ನು ತಿಂದು ಅದರ ಎಲುಬುಗಳನ್ನು ನೆರೆಯ ಬ್ರಾಹ್ಮಣರ ಮನೆಯೊಳಕ್ಕೆ ಎಸೆದರು. ನೆರೆಯವರು ರೊಚ್ಚಿಗೆದ್ದರು, ಕೃಷ್ಣಮೋಹನರು ಮನೆಯನ್ನು ಬಿಡಬೇಕಾಯಿತು. ಈ ಕೃತ್ಯವನ್ನು ಯಾವ ಸಿದ್ಧಾಂತದಿಂದಲೂ ಸಮರ್ಥಿಸಲಾಗದು. ತನ್ನ ತಟ್ಟೆಯಲ್ಲಿ ಏನಿರಬೇಕೆಂಬುದನ್ನು ನಿರ್ಧರಿಸಿಕೊಳ್ಳುವ ಸ್ವಾತಂತ್ರ್ಯ ಬೇರೆ. ಅದನ್ನು ಇನ್ನೊಬ್ಬರ ಅಂಗಳಕ್ಕೆ ಎಸೆಯುವ ಉದ್ಧಟತನ ಬೇರೆ. ತರುಣರಲ್ಲಿ ಈ ಎರಡರ ನಡುವಣ ಗೆರೆ ಆಗಾಗ ಅಳಿಸಿಹೋಗುತ್ತಿತ್ತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮದ್ಯಪಾನವಾಗಲಿ ವಿಲಾಸವಾಗಲಿ ಕಲ್ಕತ್ತೆಯ ದೊಡ್ಡ ಮನೆಗಳಿಗೆ ಹೊಸತಾಗಿತ್ತೇ? ದುರ್ಗಾಪೂಜೆಯ ಕಾಲದಲ್ಲಿ ಧನಿಕರು ತಮ್ಮ ಮಹಲುಗಳಲ್ಲಿ ನರ್ತಕಿಯರನ್ನು ಕುಣಿಸಿ, ಆಂಗ್ಲ ಅತಿಥಿಗಳಿಗೆ ಮದ್ಯಮಾಂಸಗಳ ಔತಣವನ್ನು ಮಾಡಿಸುತ್ತಿದ್ದುದು ಪ್ರಸಿದ್ಧವಾಗಿದೆ. ಮರೆಯಲ್ಲಿ ನಡೆಯುವುದನ್ನು ಸಮಾಜವು ಸಹಿಸಿಕೊಂಡಿತ್ತು. ಕಾಲೇಜಿನ ಹುಡುಗರು ಮಾಡಿದ ಅಪರಾಧವೆಂದರೆ ಮರೆಯನ್ನು ಕಿತ್ತೊಗೆದದ್ದು. ಒಳಗೊಂದು ಹೊರಗೊಂದು ಇರಕೂಡದೆಂಬುದೇ ಅವರ ಪಾಲಿಗೆ ಧರ್ಮವಾಗಿತ್ತು. ಹಿರಿಯರಿಗೆ ದುರಭ್ಯಾಸವಾಗಿ ತೋರಿದ್ದು ಕಿರಿಯರಿಗೆ ಸತ್ಯನಿಷ್ಠೆಯ ಗುರುತಾಗಿತ್ತು. ಒಂದೇ ನಡೆಯನ್ನು ಎರಡು ತಲೆಮಾರುಗಳು ಎರಡು ಭಾಷೆಗಳಲ್ಲಿ ಓದುತ್ತಿದ್ದವು.

ಈ ಸತ್ಯನಿಷ್ಠೆಯು ಬರಿಯ ಬಾಯಿಮಾತೇ ಅಥವಾ ಬೆಲೆ ತೆರಬೇಕಾಗಿ ಬಂದಾಗಲೂ ನಿಲ್ಲುವಂತಹುದೇ ಎಂಬುದನ್ನು ಪರೀಕ್ಷಿಸಲು ಕೆಲವು ಪ್ರಸಂಗಗಳಿವೆ. ರಸಿಕಕೃಷ್ಣ ಮಲ್ಲಿಕರು ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಂತಾಗ, ಗಂಗಾಜಲವನ್ನು ಮುಟ್ಟಿ ಪ್ರಮಾಣ ಮಾಡಬೇಕೆಂದು ವಿಧಿಸಲಾಯಿತು. ಗಂಗೆಯ ಪಾವಿತ್ರ್ಯದಲ್ಲಿ ತಮಗೆ ನಂಬಿಕೆಯಿಲ್ಲವೆಂದು ಅವರು ತುಂಬಿದ ಸಭೆಯಲ್ಲಿ ಹೇಳಿದರು. ಸುಮ್ಮನೆ ನೀರನ್ನು ಮುಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರಾಮಗೋಪಾಲ ಘೋಷರ ಪ್ರಸಂಗವು ಇದಕ್ಕಿಂತಲೂ ಮನಸ್ಸನ್ನು ತಟ್ಟುವಂತಹುದು. ಅವರ ಅಜ್ಜನ ಶ್ರಾದ್ಧದ ಸಮಯದಲ್ಲಿ, ಮೊಮ್ಮಗನು ಆಚಾರಭ್ರಷ್ಟನೆಂಬ ಕಾರಣದಿಂದ ನೆಂಟರು ಊಟಕ್ಕೆ ಬರುವುದಿಲ್ಲವೆಂದು ಹಟ ಹಿಡಿದರು. ತಾನು ಅಂತಹದೇನನ್ನೂ ಮಾಡಿಲ್ಲವೆಂದು ಒಂದು ಮಾತು ಹೇಳಿಬಿಡೆಂದು ತಂದೆಯು ಮಗನನ್ನು ಬೇಡಿಕೊಂಡರು. ತಮಗಾಗಿ ಏನು ಕಷ್ಟವನ್ನಾದರೂ ಪಡಬಲ್ಲೆ, ಸುಳ್ಳನ್ನು ಮಾತ್ರ ಹೇಳಲಾರೆನೆಂದು ರಾಮಗೋಪಾಲರು ಅಳುತ್ತ ಉತ್ತರ ಕೊಟ್ಟರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಈ ಕಣ್ಣೀರನ್ನು ಗಮನಿಸಬೇಕು. ತಂದೆಯ ಮೇಲೆ ಪ್ರೀತಿ ಇಲ್ಲದವನು ಅಳುವುದಿಲ್ಲ. ಹಿರಿಯರಲ್ಲಿ ಗೌರವವಿಲ್ಲವೆಂಬ ದೂರಿಗೂ ಈ ದೃಶ್ಯಕ್ಕೂ ಹೊಂದಿಕೆಯಾಗುವುದಿಲ್ಲ.

ಹಿಂದೂ ಕಾಲೇಜಿನ ಹುಡುಗನಾದರೆ ಸುಳ್ಳಾಡಲಾರನೆಂಬ ಮಾತು ಆ ಕಾಲದಲ್ಲಿ ಪಟ್ಟಣದಲ್ಲಿ ಬಳಕೆಗೆ ಬಂದಿತ್ತೆಂದು ಸಮಕಾಲೀನರೊಬ್ಬರ ಹೇಳಿಕೆಯೂ ಉಳಿದಿದೆ. ಒಂದೇ ಗುಂಪಿನ ಹುಡುಗರನ್ನು ಕುರಿತು ಒಂದೇ ಪಟ್ಟಣದಲ್ಲಿ ‘ಭ್ರಷ್ಟರು’ ಎಂಬ ಮಾತೂ ‘ಸತ್ಯವಂತರು’ ಎಂಬ ಮಾತೂ ಏಕಕಾಲದಲ್ಲಿ ಹರಿದಾಡುತ್ತಿದ್ದವು. ಇವೆರಡರಲ್ಲಿ ಮೊದಲನೆಯದೇ ಹೆಚ್ಚು ಗಟ್ಟಿಯಾಗಿ ಕೇಳಿಸಿತು.

೫

೧೮೩೧ರ ಏಪ್ರಿಲ್ ೨೩ರಂದು ಕಾಲೇಜಿನ ಆಡಳಿತ ಮಂಡಲಿಯು ಡೆರೋಜಿಯೊ ಅವರ ವಿಷಯವನ್ನು ನಿರ್ಣಯಿಸಲು ಸೇರಿತು. ಆ ಸಭೆಯ ನಡವಳಿಯು ಅಧ್ಯಾಪಕರಾದ ನಮ್ಮೆಲ್ಲರ ಮನನಕ್ಕೆ ಯೋಗ್ಯವಾದುದು. ಡೆರೋಜಿಯೊ ಅವರು ತರುಣರ ಶಿಕ್ಷಣಕ್ಕೆ ಅಯೋಗ್ಯರೆಂದು ನಂಬಲು ತಕ್ಕ ಆಧಾರವಿದೆಯೇ ಎಂಬ ಪ್ರಶ್ನೆಗೆ ಬಹುಮತವು ಇಲ್ಲವೆಂದು ಉತ್ತರ ಕೊಟ್ಟಿತು. ಜನರ ಮನಸ್ಸಿನ ಈಗಿನ ಸ್ಥಿತಿಯನ್ನು ನೋಡಿದರೆ ಅವರನ್ನು ತೆಗೆದುಹಾಕುವುದು ಯುಕ್ತವೇ ಎಂಬ ಮುಂದಿನ ಪ್ರಶ್ನೆಗೆ ಬಹುಮತವು ಯುಕ್ತವೆಂದೇ ಹೇಳಿತು. ಜನಾಭಿಪ್ರಾಯದ ಈ ಪ್ರಶ್ನೆಯಲ್ಲಿ ಡೇವಿಡ್ ಹೇರ್ ಮತ್ತು ಹೊರೇಸ್ ಹೇಮನ್ ವಿಲ್ಸನ್ ಇಬ್ಬರೂ ಮತ ಕೊಡಲಿಲ್ಲ. ತಪ್ಪಿಲ್ಲದಿದ್ದರೂ ಶಿಕ್ಷೆ ಯುಕ್ತವೆಂಬ ಈ ತೀರ್ಮಾನದ ಹಿಂದೆ, ಮಕ್ಕಳನ್ನು ಕಾಲೇಜಿನಿಂದ ಬಿಡಿಸುತ್ತಿದ್ದ ಪೋಷಕರ ಭಯವಿತ್ತು.

ಏಪ್ರಿಲ್ ೨೫ರಂದು ಡೆರೋಜಿಯೊ ರಾಜೀನಾಮೆಯನ್ನು ಕೊಟ್ಟರು. ಮರುದಿನ ವಿಲ್ಸನ್ನರಿಗೆ ಬರೆದ ಪತ್ರದಲ್ಲಿ ತಮ್ಮ ಮೇಲಿನ ಆರೋಪಗಳಿಗೆ ಉತ್ತರ ಕೊಟ್ಟರು. ತಂದೆತಾಯಿಗಳಿಗೆ ವಿಧೇಯತೆಯು ಧರ್ಮವಲ್ಲವೆಂದು ಬೋಧಿಸಿದರೆಂಬುದು ಆರೋಪಗಳಲ್ಲೊಂದು. ಅವರ ಉತ್ತರದಲ್ಲಿ ಕಾಣುವ ಸಂಗತಿಗಳು ಅದಕ್ಕೆ ವಿರುದ್ಧವಾಗಿವೆ. ತಂದೆಯೊಡನೆ ಒರಟಾಗಿ ನಡೆದುಕೊಂಡ ಶಿಷ್ಯನೊಬ್ಬನನ್ನು ಅವರು ಖಂಡಿಸಿದ್ದರು. ತಂದೆಯ ವರ್ತನೆಯನ್ನು ತಾಳಲಾರದೆ ಮನೆಯನ್ನು ಬಿಡಬೇಕೆಂದಿದ್ದ ದಕ್ಷಿಣಾರಂಜನ ಮುಖೋಪಾಧ್ಯಾಯರಿಗೆ, ಹೆತ್ತವರಿಂದ ಎಷ್ಟೋ ಸಹಿಸಿಕೊಳ್ಳಬೇಕಾಗುತ್ತದೆಂದು ಬುದ್ಧಿ ಹೇಳಿದ್ದರು. ತೀರ್ಮಾನಕ್ಕೆ ಮುಂಚೆ ಈ ಮಾತನ್ನು ಅವರ ಬಾಯಿಂದ ಕೇಳಿದ್ದರೆ ಮಂಡಲಿಗೆ ಗೊತ್ತಾಗುತ್ತಿತ್ತು, ಅದು ಕೇಳಲಿಲ್ಲ. ಅದೇ ವರ್ಷದ ಡಿಸೆಂಬರ್ ೨೬ರಂದು ಡೆರೋಜಿಯೊ ಕಾಲರಾ ರೋಗದಿಂದ ತೀರಿಕೊಂಡರು. ಅವರಿಗಿನ್ನೂ ಇಪ್ಪತ್ತಮೂರು ತುಂಬಿರಲಿಲ್ಲ.

೬

ಶಿಷ್ಯರು ಮುಂದೆ ಏನಾದರೆಂಬುದನ್ನು ಸಂಕ್ಷೇಪವಾಗಿ ನೋಡೋಣ. ಕೃಷ್ಣಮೋಹನರು ೧೮೩೨ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಹೀಗೆಂದು ದೇಶದ ವಿದ್ಯೆಗೆ ಬೆನ್ನು ತಿರುಗಿಸಲಿಲ್ಲ; ‘ವಿದ್ಯಾಕಲ್ಪದ್ರುಮ’ವೆಂಬ ಹದಿಮೂರು ಭಾಗಗಳ ಜ್ಞಾನಕೋಶವನ್ನು ಹೊರತಂದರು, ಹಿಂದೂ ದರ್ಶನಗಳನ್ನು ಕುರಿತು ಗ್ರಂಥ ಬರೆದರು. ರಾಮತನು ಲಾಹಿರಿಯವರು ಅಧ್ಯಾಪಕರಾಗಿ ಬಾಳಿ, ೧೮೫೧ರಲ್ಲಿ ಜನಿವಾರವನ್ನು ತ್ಯಜಿಸಿ, ಸಮಾಜದ ಬಹಿಷ್ಕಾರವನ್ನು ತಾಳ್ಮೆಯಿಂದ ಅನುಭವಿಸಿದರು. ದಕ್ಷಿಣಾರಂಜನರು ೧೮೪೯ರಲ್ಲಿ ಬೆಥೂನರು ಸ್ಥಾಪಿಸಿದ ಬಾಲಿಕಾ ಪಾಠಶಾಲೆಗೆ ನೆಲವನ್ನು ದಾನ ಮಾಡಿದರು. ೧೮೪೩ರ ಫೆಬ್ರವರಿ ತಿಂಗಳಿನಲ್ಲಿ ಇವರೇ ಕಂಪೆನಿಯ ನ್ಯಾಯಾಲಯಗಳನ್ನೂ ಪೊಲೀಸರನ್ನೂ ಕುರಿತು ಒಂದು ಪ್ರಬಂಧವನ್ನು ಓದುತ್ತಿದ್ದಾಗ, ಕಾಲೇಜಿನ ಪ್ರಿನ್ಸಿಪಾಲರಾದ ರಿಚರ್ಡ್‌ಸನ್ನರು ಅದನ್ನು ರಾಜದ್ರೋಹವೆಂದು ತಡೆಯಲು ಹೋದರು. ಸಭಾಧ್ಯಕ್ಷರಾದ ತಾರಾಚಾಂದ ಚಕ್ರವರ್ತಿಯವರು, ಆ ಸಭೆಯಲ್ಲಿ ಅವರು ಅತಿಥಿ ಮಾತ್ರರೆಂದು ಹೇಳಿ ಸುಮ್ಮನಾಗಿಸಿದರು.

ರಾಧಾನಾಥ ಶಿಕದಾರರು ೧೮೩೧ರಲ್ಲಿ ಮಹಾ ತ್ರಿಕೋಣಮಿತಿ ಸರ್ವೇಕ್ಷಣೆಯಲ್ಲಿ ಗಣಕರಾಗಿ ಸೇರಿದರು. ಮುಂದೆ ಎವರೆಸ್ಟ್ ಎಂಬ ಹೆಸರನ್ನು ಪಡೆದ ಶಿಖರವು ಜಗತ್ತಿನಲ್ಲಿಯೇ ಅತ್ಯುನ್ನತವೆಂದು ತಿಳಿದುಬಂದುದು ಅವರ ಲೆಕ್ಕಾಚಾರದಿಂದ ಎಂಬುದು ಸುವಿದಿತ. ಅವರ ಬಾಳಿನ ಇನ್ನೊಂದು ಘಟನೆ ಅಷ್ಟು ಪ್ರಸಿದ್ಧವಲ್ಲ. ೧೮೪೩ರಲ್ಲಿ ಡೆಹರಾಡೂನಿನ ಮ್ಯಾಜಿಸ್ಟ್ರೇಟರು ಸರ್ವೇಕ್ಷಣೆಯ ಕೂಲಿಗಳಿಂದ ಬಿಟ್ಟಿಯಾಗಿ ತಮ್ಮ ಸಾಮಾನನ್ನು ಹೊರಿಸಿದರು. ಶಿಕದಾರರು ಆ ಸಾಮಾನನ್ನೇ ತಡೆದಿಟ್ಟುಕೊಂಡರು. ಅದಕ್ಕಾಗಿ ಅವರಿಗೆ ೨೦೦ ರೂಪಾಯಿ ಜುಲ್ಮಾನೆಯಾಯಿತು. ಹನ್ನೆರಡು ವರ್ಷಗಳ ಹಿಂದೆ ಕಾಲೇಜಿನ ಚರ್ಚಾಕೂಟದಲ್ಲಿ ಕಲಿತ ‘ಏಕೆ’ ಎಂಬ ಪ್ರಶ್ನೆ ಇಲ್ಲಿ ಮೂಟೆ ಹೊರುವವನ ಪರವಾಗಿ ನಿಂತಿತು. ನಡೆ ಕಾಲಾಂತರದಲ್ಲಿ ಸವೆದುಹೋಗಿ, ಅದರೊಳಗಿದ್ದ ನಂಬಿಕೆ ಮಾತ್ರ ಉಳಿದುಕೊಂಡಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ದೊರೆಯುವುದು ಕಷ್ಟ.

೭

ಈಗ ಈ ಕಥೆಯ ಅತ್ಯಂತ ಕುತೂಹಲಕರವಾದ ಭಾಗಕ್ಕೆ ಬರೋಣ. ಡೆರೋಜಿಯೊ ಅವರ ವಲಯದಲ್ಲಿಯೇ ಬೆಳೆದ ಪ್ಯಾರೀಚಾಂದ ಮಿತ್ರರು, ೧೮೫೪ರಲ್ಲಿ ರಾಧಾನಾಥ ಶಿಕದಾರರೊಡನೆ ಸೇರಿ, ಹೆಂಗಸರೂ ಓದಬಲ್ಲ ತಿಳಿಬಂಗಾಳಿಯಲ್ಲಿ ಒಂದು ಮಾಸಪತ್ರಿಕೆಯನ್ನು ತೆಗೆದರು. ಅದರಲ್ಲಿ ಕಂತುಗಳಾಗಿ ಬಂದು ೧೮೫೮ರಲ್ಲಿ ಪುಸ್ತಕರೂಪವನ್ನು ಪಡೆದ ಅವರ ‘ಆಲಾಲೇರ್ ಘರೇರ್ ದುಲಾಲ್’ ಬಂಗಾಳಿಯ ಮೊದಲ ಕಾದಂಬರಿಗಳಲ್ಲೊಂದು. ಅದರ ವಸ್ತು ಏನು? ಧನಿಕರ ಮನೆಯ ಮುದ್ದುಮಗನು ಕೆಟ್ಟ ಸಹವಾಸದಿಂದ ಹಾಳಾಗುವುದು. ಮರುವರ್ಷ ಅವರು ಮದ್ಯಪಾನವನ್ನೂ ಜಾತಿಯ ಡಾಂಭಿಕತೆಯನ್ನೂ ಒಟ್ಟಿಗೆ ವಿಡಂಬಿಸುವ ಇನ್ನೊಂದು ಪುಸ್ತಕವನ್ನು ಪ್ರಕಟಿಸಿದರು. ಮೂವತ್ತು ವರ್ಷಗಳ ಹಿಂದೆ ಯಾವ ಅಚ್ಚಿನಲ್ಲಿ ಅವರ ತಲೆಮಾರನ್ನು ಎರಕ ಹೊಯ್ದಿದ್ದರೋ, ಆ ಅಚ್ಚನ್ನು ಅವರೇ ಕೈಗೆತ್ತಿಕೊಂಡರು.

ಇವರ ನಂತರ ಅದೇ ಕಾಲೇಜಿಗೆ ಬಂದ ರಾಜನಾರಾಯಣ ಬಸುಗಳ (೧೮೨೬–೧೮೯೯) ನಿದರ್ಶನವು ಇನ್ನೂ ಬೋಧಪ್ರದವಾಗಿದೆ. ತಾವೂ ಗೆಳೆಯರೂ ವಿದ್ಯಾರ್ಥಿದೆಸೆಯಲ್ಲಿ ಕುಡಿಯುತ್ತಿದ್ದುದನ್ನು ಅವರು ಆತ್ಮಚರಿತ್ರೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ವಿಷಯವು ತಿಳಿದಾಗ ತಂದೆ ಗದರಲಿಲ್ಲ. ರಾಮಮೋಹನ ರಾಯರ ಅನುಯಾಯಿಗಳಾಗಿದ್ದ ಅವರು ಮಗನನ್ನು ತಮ್ಮ ಕೊಠಡಿಗೆ ಕರೆದು, ಕುಡಿಯುವುದಾದರೆ ತಮ್ಮೆದುರಿಗೆ, ಮಿತವಾಗಿ ಕುಡಿಯಬೇಕೆಂದು ಕಟ್ಟುಮಾಡಿದರು. ಮಗನು ಆ ಮಿತಿಯಲ್ಲಿ ನಿಲ್ಲಲಿಲ್ಲ, ಕಾಯಿಲೆ ಬಿದ್ದನು. ಅದೇ ರಾಜನಾರಾಯಣರು ಮುಂದೆ ಮಿಡ್ನಾಪುರದಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಪಾನನಿರೋಧ ಸಭೆಯನ್ನು ಕಟ್ಟಿದರು. ೧೮೭೪ರಲ್ಲಿ ಪ್ರಕಟವಾದ, ‘ಆ ಕಾಲ ಮತ್ತು ಈ ಕಾಲ’ ಎಂಬರ್ಥದ ಹೆಸರುಳ್ಳ ಉಪನ್ಯಾಸದಲ್ಲಿ, ಹಿಂದೂ ಕಾಲೇಜಿನ ಸ್ಥಾಪನೆಯನ್ನೇ ಗಡಿಯಾಗಿಟ್ಟುಕೊಂಡು ಎರಡು ಯುಗಗಳನ್ನು ತೂಗಿ ನೋಡಿದರು. ಹೊಸ ಕಾಲದವರ ದೇಹದಾರ್ಢ್ಯದ ಕುಗ್ಗುವಿಕೆಯನ್ನೂ ಅನುಕರಣಶೀಲತೆಯನ್ನೂ ಎತ್ತಿ ಆಡಿದರು.

ಇದನ್ನು ಕಂಡು ನಗುವುದು ಸುಲಭ. ನಾವು ಮಾತ್ರ ನಗುವುದಿಲ್ಲ. ರಾಜನಾರಾಯಣರ ದೂರಿನ ಹಿಂದೆ ಅನುಭವವಿತ್ತು. ಕುಡಿತದಿಂದ ಕೆಟ್ಟುಹೋದ ಪ್ರತಿಭಾವಂತ ಗೆಳೆಯರನ್ನು ಅವರು ಕಣ್ಣಾರೆ ಕಂಡಿದ್ದರು. ಹಿರಿಯರ ದೂರಿನಲ್ಲಿ ಮರೆವು ಒಂದು ಪಾಲಾದರೆ ನೆನಪು ಒಂದು ಪಾಲು. ತಾನು ಬಿದ್ದ ಹಳ್ಳದಲ್ಲಿ ಮಗನು ಬೀಳಬಾರದೆಂಬ ಕಳವಳವೂ ಅದರೊಳಗೆ ಸೇರಿರುತ್ತದೆ. ಕಿರಿಯರಿಗೆ ಕಳವಳವು ಕೇಳಿಸುವುದಿಲ್ಲ, ದೂರು ಮಾತ್ರ ಕೇಳಿಸುತ್ತದೆ.

೮

ತಲೆಮಾರು ಎಂಬ ಪದವನ್ನು ನಾವು ಇಲ್ಲಿ ಧಾರಾಳವಾಗಿ ಬಳಸಿದ್ದೇವೆ. ಅದರ ಮಿತಿಯನ್ನೂ ಹೇಳಬೇಕು. ಜರ್ಮನ್ ಸಮಾಜಶಾಸ್ತ್ರಜ್ಞ ಕಾರ್ಲ್ ಮಾನ್‌ಹೈಮರು ೧೯೨೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ವಿಷಯವನ್ನು ವಿಶದಪಡಿಸಿದ್ದಾರೆ. ಒಂದೇ ಕಾಲದಲ್ಲಿ ಹುಟ್ಟಿದ ಮಾತ್ರಕ್ಕೆ ಜನರು ಒಂದು ತಲೆಮಾರಾಗುವುದಿಲ್ಲ. ಒಂದೇ ಚಾರಿತ್ರಿಕ ಅನುಭವದಲ್ಲಿ ಪಾಲುಗೊಳ್ಳಬೇಕು. ಹಾಗೆ ಪಾಲುಗೊಂಡವರೊಳಗೂ ಅದಕ್ಕೆ ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುವ ಗುಂಪುಗಳಿರುತ್ತವೆ ಎಂಬುದು ಅವರ ವಾದದ ಸಾರ. ನಮ್ಮ ನಿದರ್ಶನಕ್ಕೆ ಇದನ್ನು ಅನ್ವಯಿಸಿದರೆ, ‘ನವ್ಯ ಬಂಗಾಳ’ವೆಂದರೆ ಕೆಲವು ಹತ್ತು ಮಂದಿ ಮೇಲುಜಾತಿಯ ಗಂಡಸರು. ಅದೇ ವರ್ಷಗಳಲ್ಲಿ ಹುಟ್ಟಿದ ನೇಕಾರರ, ರೈತರ, ಮುಸಲ್ಮಾನರ ಮಕ್ಕಳಿಗೆ ಆ ಕಾಲೇಜಿನ ಬಾಗಿಲು ತೆರೆದಿರಲಿಲ್ಲ, ಇಲ್ಲವೇ ಅದರ ಹೆಸರೂ ತಿಳಿದಿರಲಿಲ್ಲ. ಈ ತರುಣರು ಬಹಿಷ್ಕೃತರಾದಾಗ ಅವರ ಎಳೆಯ ವಯಸ್ಸಿನ ಹೆಂಡಂದಿರು ತವರಿನಲ್ಲಿಯೋ ಅತ್ತೆಯ ಮನೆಯಲ್ಲಿಯೋ ಏನನ್ನು ಅನುಭವಿಸಿದರೆಂಬುದನ್ನು ಈ ಹೇರಳವಾದ ಬರಹಗಳು ಹೇಳುವುದೇ ಇಲ್ಲ. ಬಂಡಾಯದ ಬೆಲೆಯನ್ನು ಬಂಡಾಯಗಾರರೇ ಪೂರ್ತಿಯಾಗಿ ತೆರಲಿಲ್ಲ. ‘ಈಗಿನ ಹುಡುಗರು’ ಎಂದು ನಾವು ಹೇಳುವಾಗಲೂ ನಮ್ಮ ಕಣ್ಣೆದುರಿಗಿರುವುದು ಯಾವ ಹುಡುಗರು, ಎಷ್ಟು ಮಂದಿ ಎಂದು ಒಮ್ಮೆ ಎಣಿಸಿಕೊಳ್ಳುವುದು ಮೇಲು.

ಕನ್ನಡ ನಾಡಿಗೆ ಈ ಬಂಗಾಳದ ಸಮಾಚಾರವು ದೂರದ್ದಾಗಿ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಬಂಗಾಳಿ ಕಾದಂಬರಿಗಳು ನಮ್ಮ ಓದುಗರ ಕೈಸೇರಿದವು. ಮಂಗಳೂರಿನಲ್ಲಿ ೧೮೭೦ರಲ್ಲಿ ಬ್ರಹ್ಮಸಮಾಜವು ಸ್ಥಾಪಿತವಾಯಿತು. 
ಅದೇ ಊರಿನ ವಾತಾವರಣದಿಂದ ಹೊರಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (೧೮೯೯) ಕಾದಂಬರಿಯಲ್ಲಿ, ವಿದ್ಯೆಯನ್ನು ಬಯಸಿ ಮನೆಯನ್ನು ತೊರೆಯುವವಳು ಒಬ್ಬ ಬಾಲವಿಧವೆ. ಕಲ್ಕತ್ತೆಯ ದಾಖಲೆಗಳಲ್ಲಿ ಮೌನವಾಗಿದ್ದ ಸ್ಥಾನದಿಂದಲೇ ಇಲ್ಲಿ ಕಥೆ ಆರಂಭವಾಗುತ್ತದೆಂಬುದು ಗಮನಿಸತಕ್ಕ ಅಂಶ. ಎರಡು ಪ್ರಾಂತಗಳ ಸನ್ನಿವೇಶಗಳು ಬೇರೆ ಬೇರೆಯಾದುದರಿಂದ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಉಚಿತವಲ್ಲ.

೯

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯಗಳು ಮಿತವಾದವು. ಒಂದು ತಲೆಮಾರಿನ ನಡೆಯು ಅದರ ನಂಬಿಕೆಗೆ ನೇರವಾದ ಕನ್ನಡಿಯಲ್ಲ. ನಡೆಯನ್ನು ವರದಿ ಮಾಡುವವರು ಬಹುಮಟ್ಟಿಗೆ ಯಾವುದೋ ಜಗಳದಲ್ಲಿ ಒಂದು ಪಕ್ಷದವರಾಗಿರುತ್ತಾರೆ. ಅವರ ಕೈಯಲ್ಲಿರುವ ಅಚ್ಚು ಹಿಂದಿನ ಕಾಲದ್ದಾಗಿರುತ್ತದೆ. ನಂಬಿಕೆಯನ್ನು ಅಳೆಯಬೇಕಾದರೆ, ಅದಕ್ಕಾಗಿ ಅವರು ಏನನ್ನು ಕಳೆದುಕೊಳ್ಳಲು ಸಿದ್ಧರಿದ್ದರೆಂಬುದನ್ನು ನೋಡಬೇಕು. ಅದು ತಿಳಿಯುವುದು ಪರೀಕ್ಷೆಯ ಗಳಿಗೆ ಬಂದಾಗ ಮಾತ್ರ; ಅದಕ್ಕೆ ಮುಂಚೆ ಕೊಟ್ಟ ತೀರ್ಪು ಊಹೆಯಷ್ಟೆ. ಇದರಿಂದ ಎಲ್ಲ ನಡೆಗಳೂ ಕ್ಷಮ್ಯವೆಂದು ಅರ್ಥವಲ್ಲ. ನೆರೆಯವರ ಅಂಗಳಕ್ಕೆ ಎಸೆದ ಎಲುಬು ಅಂದಿಗೂ ತಪ್ಪು, ಇಂದಿಗೂ ತಪ್ಪು. ಅದನ್ನು ತಪ್ಪೆಂದು ಹೇಳುವ ಅಧಿಕಾರ ಉಳ್ಳವರು, ಡೆರೋಜಿಯೊ ಅವರಂತೆ, ಶಿಷ್ಯನನ್ನು ಬಲ್ಲವರಾಗಿರಬೇಕು.

ನಮ್ಮ ವಿದ್ಯಾರ್ಥಿಗಳಿಗೆ ಯಾವುದರಲ್ಲಿಯೂ ನಿಷ್ಠೆಯಿಲ್ಲವೆಂದು ಹೇಳುವ ಮುನ್ನ, ಅವರ ನಿಷ್ಠೆ ಯಾವುದರಲ್ಲಿದೆಯೆಂದು ನಾವು ಅವರನ್ನೇ ಕೇಳಿದ್ದುಂಟೇ? ೧೮೩೧ರ ಏಪ್ರಿಲಿನಲ್ಲಿ ಹಿಂದೂ ಕಾಲೇಜಿನ ಆಡಳಿತ ಮಂಡಲಿಯು ಒಬ್ಬ ಅಧ್ಯಾಪಕರ ಮೇಲೆ ತೀರ್ಮಾನ ಮಾಡಿತು. ಅವರನ್ನು ಕರೆದು ಕೇಳಲಿಲ್ಲ, ಅವರ ಶಿಷ್ಯರನ್ನೂ ಕೇಳಲಿಲ್ಲ. ಕೇಳಿದ್ದರೆ ತೀರ್ಮಾನವು ಬದಲಾಗುತ್ತಿತ್ತೆಂದು ಹೇಳಲು ಬರುವುದಿಲ್ಲ. ಆ ಸಭೆಯ ನಡವಳಿಯಲ್ಲಿ ಅವರ ಮಾತಿಗೂ ಒಂದು ಪುಟವಿರುತ್ತಿತ್ತು. ನಮ್ಮ ಕಾಲದ ನಡವಳಿಯನ್ನು ಮುಂದೆ ಓದುವವರಿಗಾಗಿ ಆ ಒಂದು ಪುಟವನ್ನು ಬಿಟ್ಟುಹೋಗುವುದು ನಮ್ಮ ಕೈಯಲ್ಲಿದೆ.